ಗೃಹ ಉಳಿತಾಯ (ರಾಂಪುರ ಸೀಮೆ)

ಕೈಸೇರಿದ ಆದಾಯದಲ್ಲಿ ಮುಂಬರುವ ವೆಚ್ಚವನ್ನು ಗಣಿಸಿ ಒಂದಂಶವನ್ನು ತೆಗೆದಿರಿಸುವ ಗೃಹಕೃತ್ಯದ ಕ್ರಮ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಸೀಮೆಯಲ್ಲಿ, ಮಳೆಯನ್ನೇ ನೆಚ್ಚಿ ಶೇಂಗಾ ಬಿತ್ತುವ ಕುಟುಂಬಕ್ಕೆ ಹಣವು ಸುಗ್ಗಿಗೊಮ್ಮೆ ಮಾತ್ರ ದೊರೆಯುವುದರಿಂದ, ತಿಂಗಳ ಸಂಬಳಕ್ಕೆ ಹೊಂದಿಸಿದ ಆಯವ್ಯಯದ ಪಟ್ಟಿಯು ನಿಲ್ಲದು. ಬೀಜದ ಕಾಯಿಯನ್ನು ಚೀಲದಲ್ಲಿ ಕಟ್ಟಿಟ್ಟು, ಎಂತಹ ಅಡಚಣೆಯಲ್ಲಿಯೂ ಮುಟ್ಟದಿರುವುದನ್ನೇ ಮೊದಲ ಉಳಿತಾಯವೆನ್ನಬೇಕು. ಗೃಹಿಣಿಯು ಸಾಸಿವೆ ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆಯಾಗಿ ಅಡಗಿಸಿಡುವ, ಒಗ್ಗರಣೆಯ ವಾಸನೆ ಹಿಡಿದ ನೋಟು ಎರಡನೆಯದು. ಎಷ್ಟೋ ಮನೆಗಳ ಮಾನವನ್ನು ಕಾಯ್ದುದು ಅದೇ. 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆಯೂ, 2000-01ರಲ್ಲಿ ಕರ್ನಾಟಕ ಸರ್ಕಾರವು ಜಾರಿಗೆ ತಂದ ಸ್ತ್ರೀಶಕ್ತಿ ಯೋಜನೆಯೂ ಈ ಡಬ್ಬಿಯ ಹಣಕ್ಕೆ ಪಾಸ್‌ಬುಕ್ಕಿನ ರೂಪವಿತ್ತು, ಸದಸ್ಯೆಯರು ವಾರವಾರ ಕೂಡಿಸಿದ ಮೊತ್ತವು ಅವರೊಳಗೇ ಸಾಲವಾಗಿ ಸಂಚರಿಸುವಂತೆ ಮಾಡಿದುವು.