ಕೆಫೆ ರೇಸರ್: ಕಳಚಿ ಕಟ್ಟಿದ ಬೈಕು

ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆ 1938ರಲ್ಲಿ ಶುರುವಾದದ್ದು. ಯುದ್ಧಕಾಲದ ಬಾಂಬಿಗೆ ಕುಸಿದು 1949ರಲ್ಲಿ ಮತ್ತೆ ಎದ್ದು ನಿಂತ ಮೇಲೆ ಅದು ಬೈಕ್ ಹುಚ್ಚಿನ ಹುಡುಗರ ಅಡ್ಡೆಯಾಯಿತು. ರಾತ್ರಿಯಿಡೀ ಬಾಗಿಲು ತೆರೆದಿರುತ್ತಿತ್ತು, ಎದುರಿಗೇ ಒಳ್ಳೆಯ ರಸ್ತೆ. ಗಂಟೆಗೆ ನೂರು ಮೈಲಿ, ಅಂದರೆ 161 ಕಿಲೋಮೀಟರ್ ಮುಟ್ಟುವುದೇ ಪ್ರತಿಷ್ಠೆ. ಜೂಕ್‌ಬಾಕ್ಸಿನಲ್ಲಿ ಹಾಡು ಹಚ್ಚಿ, ಅದು ಮುಗಿಯುವುದರೊಳಗೆ ಒಂದು ಸುತ್ತು ಹೊಡೆದು ಬರುತ್ತಿದ್ದರೆಂಬ ಕತೆಯೂ ಇದೆ. ಅದಕ್ಕೆ ಉಪ್ಪುಖಾರ ಎಷ್ಟು ಬೆರೆತಿದೆಯೋ!

ವೇಗದ ಹೊಸ ಬೈಕಿಗೆ ಸಂಬಳ ಸಾಲುತ್ತಿರಲಿಲ್ಲ. ಹಾಗಾಗಿ ಇದ್ದ ಬೈಕಿನಿಂದಲೇ ಬೇಡದ್ದನ್ನೆಲ್ಲ ಕಳಚಿದರು. ಎತ್ತರದ ಹ್ಯಾಂಡಲ್ ತೆಗೆದು ಫೋರ್ಕಿಗೇ ಕ್ಲಿಪ್-ಆನ್ ಎಂಬ ತಗ್ಗು ಹಿಡಿಗಳನ್ನು ಬಿಗಿದರು, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದರು. ಸವಾರ ಟ್ಯಾಂಕಿನ ಮೇಲೆ ಬಾಗಿದಷ್ಟೂ ಗಾಳಿಯ ತಡೆ ಕಡಿಮೆ. ಇಂಥ ಬೈಕಿಗೇ ಕೆಫೆ ರೇಸರ್ ಎಂದು ಹೆಸರು.

ಇವುಗಳಲ್ಲೆಲ್ಲ ಮಿಗಿಲಾದದ್ದು ಟ್ರೈಟನ್: ನಾರ್ಟನ್ ಚಾಸಿಯೊಳಗೆ ಟ್ರಯಂಫ್ ಎಂಜಿನ್. ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್ಲೆಸ್ ಸೋದರರು ರೂಪಿಸಿದ ಫೆದರ್‌ಬೆಡ್ ಚಾಸಿಯನ್ನು ನಾರ್ಟನ್ ಕಂಪನಿ 1950ರಲ್ಲಿ ರೇಸಿಗಿಳಿಸಿತ್ತು. ತಿರುವುಗಳಲ್ಲಿ ಅದರ ಹಿಡಿತಕ್ಕೆ ದೊಡ್ಡ ಹೆಸರು. ಇತ್ತ ಟ್ರಯಂಫಿನ ಜೋಡಿ ಸಿಲಿಂಡರಿನ ಎಂಜಿನ್ ಚುರುಕು, ಟ್ಯೂನ್ ಮಾಡಲೂ ಸುಲಭ. 500 ಸಿಸಿಯ ಫಾರ್ಮುಲಾ 3 ಕಾರು ಕಟ್ಟುವವರು ನಾರ್ಟನ್ ಎಂಜಿನ್ ಬೇಕೆಂದರೆ ಇಡೀ ಬೈಕನ್ನೇ ಕೊಳ್ಳಬೇಕಿತ್ತು. ಎಂಜಿನ್ ಕಾರಿಗೆ ಹೋಯಿತು, ಖಾಲಿ ಚಾಸಿ ಮಾರಾಟಕ್ಕೆ ಬಂತು. ಅದರೊಳಗೆ ಟ್ರಯಂಫ್ ಎಂಜಿನ್ ಕೂರಿಸಲು ಹೊಸ ಎಂಜಿನ್ ಪ್ಲೇಟುಗಳನ್ನು ಕತ್ತರಿಸಬೇಕು, ಚೈನಿನ ಎರಡೂ ಸ್ಪ್ರಾಕೆಟ್ ಒಂದೇ ಗೆರೆಗೆ ಬರಬೇಕು. ಕೆಫೆ ರೇಸರ್ ಚರಿತ್ರೆಯಲ್ಲಿ ಎಂಜಿನಿಯರಿಂಗ್ ಎನ್ನಬಹುದಾದ ಕೆಲಸ ನನ್ನ ಮಟ್ಟಿಗೆ ಇದೇ. ಆಮೇಲಿನದು ಬಹುಪಾಲು ಅಲಂಕಾರ.

ಅರವತ್ತರ ದಶಕದ ನಡುವೆ ರಾಯಲ್ ಎನ್‌ಫೀಲ್ಡ್ 250 ಸಿಸಿಯ ಕಾಂಟಿನೆಂಟಲ್ ಜಿಟಿಯನ್ನು ಕ್ಲಿಪ್-ಆನ್ ಸಮೇತ ಕಾರ್ಖಾನೆಯಿಂದಲೇ ಹೊರತಂದಿತು. 1969ರಲ್ಲಿ ಹೋಂಡಾ ಸಿಬಿ750 ಬಂದಾಗ ನೂರು ಮೈಲಿಯ ವೇಗ ಷೋರೂಮಿನಲ್ಲೇ ಸಿಗುತ್ತಿತ್ತು. ಏಸ್ ಕೆಫೆ ಮುಚ್ಚಿದ್ದೂ ಅದೇ ವರ್ಷ. 1977ರ ಹಾರ್ಲೆಯ ಕೆಫೆ ರೇಸರ್ ಎಕ್ಸ್‌ಎಲ್‌ಸಿಆರ್ ಹೆಚ್ಚು ಬಿಕರಿಯಾಗಲಿಲ್ಲ.

2001ರಲ್ಲಿ ಕೆಫೆ ಮತ್ತೆ ತೆರೆಯಿತು. 2004ರಲ್ಲಿ ಕೆಫೆ ರೇಸರ್ ರೂಪದ ಟ್ರಯಂಫ್ ಥ್ರಕ್ಸ್‌ಟನ್ ಬಂತು. ಎಪ್ಪತ್ತರ ದಶಕದ ಹೋಂಡಾ, ಬಿಎಂಡಬ್ಲ್ಯು ಬೈಕುಗಳನ್ನು ಬಿಚ್ಚಿ ಕಟ್ಟುವ ವರ್ಕ್‌ಶಾಪುಗಳು ಹಲವು ದೇಶಗಳಲ್ಲಿ ಹುಟ್ಟಿದವು. ಈಗ ಲೆಕ್ಕ ವೇಗದ್ದಲ್ಲ, ನೋಟದ್ದು: ಟ್ಯಾಂಕಿನ ತಳವೂ ಸೀಟೂ ಒಂದೇ ಗೆರೆಯಲ್ಲಿರಬೇಕು, ಬ್ಯಾಟರಿ ಕಣ್ಣಿಗೆ ಬೀಳಬಾರದು. ಏರ್‌ಬಾಕ್ಸ್ ಕಿತ್ತು ಪಾಡ್ ಫಿಲ್ಟರ್ ಸಿಕ್ಕಿಸುವವರು ಕಾರ್ಬುರೇಟರಿನ ಜೆಟ್ ಬದಲಿಸಲು ಮರೆತರೆ, ಪೆಟ್ರೋಲಿನ ಪ್ರಮಾಣಕ್ಕೆ ಗಾಳಿ ಅತಿಯಾಗಿ ಎಂಜಿನ್ ಕಾಯುತ್ತದೆ. ಫೋಟೋದಲ್ಲಿ ಅದು ಕಾಣುವುದಿಲ್ಲ, ಬಿಡಿ.

ಭಾರತದಲ್ಲಿ ರಾಯಲ್ ಎನ್‌ಫೀಲ್ಡ್ 2013ರಲ್ಲಿ 535 ಸಿಸಿ, 2018ರಲ್ಲಿ 650 ಸಿಸಿ ಕಾಂಟಿನೆಂಟಲ್ ಜಿಟಿ ತಂದಿತು. ಹಳೆಯದನ್ನೇ ಕಟ್ಟಬೇಕೆನ್ನುವವರ ಕೈಗೆ ಬುಲೆಟ್, ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿ ಸಿಗುತ್ತವೆ. ಇವುಗಳಲ್ಲಿ ಕೊನೆಯೆರಡರಂಥ ಟೂ-ಸ್ಟ್ರೋಕ್ ಬೈಕಿನಲ್ಲಿ ಎಂಜಿನ್ನಿನ ಶಕ್ತಿ ಸೈಲೆನ್ಸರಿನ ಆಕಾರವನ್ನೂ ಅವಲಂಬಿಸಿದೆ. ಚೆಂದಕ್ಕೆಂದು ಮೊಟಕು ಮಾಡಿದರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ. ಕಾನೂನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ, ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆರ್‌ಸಿಯಲ್ಲಿರುವ ಎಂಜಿನ್ ನಂಬರಿಗೂ ಬೈಕಿನದಕ್ಕೂ ತಾಳೆಯಾಗದಿದ್ದರೆ ಟ್ರೈಟನ್ನಿನಂಥ ಕಸಿಗೆ ಇಲ್ಲಿ ರಸ್ತೆಗಿಳಿಯುವುದೇ ಕಷ್ಟ.