ತಲೆಯೆಣಿಕೆಯ ಕಾಯಿದೆ

ಕಾರ್ಖಾನೆ ಕಾಯಿದೆಗಳ ಚರಿತ್ರೆಯನ್ನು ದುಡಿಮೆಯ ಗಂಟೆಗಳಿಂದ ಹೇಳುವುದು ವಾಡಿಕೆ. ಸಣ್ಣ ಧಣಿಯ ಮಟ್ಟಿಗೆ ಅದು ತಲೆಯೆಣಿಕೆಯ ಚರಿತ್ರೆ. ಬ್ರಿಟಿಷ್ ಇಂಡಿಯದ ಮೊದಲ ಕಾಯಿದೆ 1881ರದು; ಯಂತ್ರಶಕ್ತಿಯಿಂದ ನಡೆಯುವ, 100 ಮಂದಿಗೆ ಕಡಮೆಯಿಲ್ಲದ ಕಾರ್ಖಾನೆಗಳಿಗಷ್ಟೇ ಅದರ ಕಟ್ಟು. 7 ವರ್ಷ ತುಂಬದ ಮಕ್ಕಳನ್ನು ದುಡಿಸಬಾರದೆಂಬುದೇ ಅದರ ದೊಡ್ಡ ಕಟ್ಟಳೆ! 8 ವರ್ಷದ ಕೂಸು ದಿನಕ್ಕೆ 9 ಗಂಟೆ ದುಡಿಯಬಹುದಿತ್ತೆಂದಾಯಿತು. ಆ 100 ಎಂಬುದು 1891ರಲ್ಲಿ 50ಕ್ಕೂ 1922ರಲ್ಲಿ 20ಕ್ಕೂ ಇಳಿಯಿತು. ಸ್ವತಂತ್ರ ಭಾರತದ 1948ರ ಕಾಯಿದೆಯಲ್ಲಿ 10ಕ್ಕೆ ಬಂದು ನಿಂತಿತು. 15 ಆಳುಗಳ ಎಣ್ಣೆಗಿರಣಿಯವನು ಒಬ್ಬನನ್ನೂ ಹೆಚ್ಚಿಗೆ ಸೇರಿಸಿಕೊಳ್ಳದೆ, ಕುಳಿತಲ್ಲಿಯೇ ಕಾರ್ಖಾನೆಯ ಧಣಿಯಾದ. ಪರವಾನಗಿ, ಹಾಜರಿಪುಸ್ತಕ, ವಾರಕ್ಕೆ 48 ಗಂಟೆಯ ಮಿತಿ, ಇನ್ಸ್‌ಪೆಕ್ಟರರ ಭೇಟಿ, ಎಲ್ಲವೂ ಬೆನ್ನುಹತ್ತಿ ಬಂದುವು. ಅವನ ಗೊಣಗಾಟ ತೀರ ಹುರುಳಿಲ್ಲದ್ದೇನಲ್ಲ. ಆದರೆ ಆಳುಗಳಿಗೆ ಸಂಬಳಸಹಿತ ರಜೆ ದೊರೆತದ್ದೂ ಅದೇ ಎಣಿಕೆಯಿಂದ. 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆ ಆ 10ನ್ನು ಮತ್ತೆ 20 ಮಾಡಿತು. ನಮ್ಮ ಎಣ್ಣೆಗಿರಣಿ ಕಾರ್ಖಾನೆಯೆಂಬ ಹೆಸರನ್ನು ಕಳೆದುಕೊಂಡಿತು. ಆದರೆ 10 ಮಂದಿಯುಳ್ಳ 'ಸಂಸ್ಥೆ'ಗಳೂ ಸಂಹಿತೆಗೆ ಒಳಪಟ್ಟಿರುವುದರಿಂದ ಪೂರ್ತಿ ಹೊರಗೂ ಉಳಿಯಲಿಲ್ಲ. ಯಾವ ಕಟ್ಟಳೆ ಬಿಟ್ಟಿತು, ಯಾವುದು ಉಳಿಯಿತೆಂದು ಧಣಿ ಈಗ ಮೊದಲಿನಿಂದ ಓದಿನೋಡಬೇಕು, ಆಳುಗಳೂ ಕೂಡ.