ಇರಾಕ್ ಅಧ್ಯಯನ ತಂಡದ ವರದಿ: ಸಂಸದರು ಬೆಂಬಲಿಸಬೇಕಿತ್ತೇ?

ಇರಾಕ್ ಯುದ್ಧಕ್ಕೆ ಮೂರು ವರ್ಷ ತುಂಬಿದ 2006ರ ಮಾರ್ಚ್‌ನಲ್ಲಿ, ಅಮೆರಿಕ ಸಂಸತ್ತಿನ ಒತ್ತಾಸೆಯಿಂದ ಹತ್ತು ಸದಸ್ಯರ 'ಇರಾಕ್ ಅಧ್ಯಯನ ತಂಡ' ಅಸ್ತಿತ್ವಕ್ಕೆ ಬಂದಿತು. ರಿಪಬ್ಲಿಕನ್ ಪಕ್ಷದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಹಾಗೂ ಡೆಮಾಕ್ರಟಿಕ್ ಪಕ್ಷದ ಮಾಜಿ ಸಂಸದ ಲೀ ಹ್ಯಾಮಿಲ್ಟನ್ ಇದರ ಜಂಟಿ ಅಧ್ಯಕ್ಷರು. ಉಳಿದ ಎಂಟು ಸ್ಥಾನಗಳನ್ನೂ ಎರಡೂ ಪಕ್ಷಗಳಿಗೆ ಸಮನಾಗಿ ಹಂಚಲಾಗಿತ್ತು.

2006ರ ಡಿಸೆಂಬರ್ 6ರಂದು ಹೊರಬಿದ್ದ ವರದಿಯಲ್ಲಿದ್ದ ಶಿಫಾರಸುಗಳು 79. ಇರಾಕ್‌ನ ಸ್ಥಿತಿ ಗಂಭೀರವಾಗಿದ್ದು, ಇನ್ನಷ್ಟು ಹದಗೆಡುತ್ತಿದೆ ಎಂಬುದು ಅದರ ಮೊದಲ ಮಾತು. ಇರಾಕಿ ಸೇನೆಗೆ ತರಬೇತಿ ನೀಡುವ ಅಮೆರಿಕನ್ನರ ಸಂಖ್ಯೆಯನ್ನು 20 ಸಾವಿರದವರೆಗೆ ಹೆಚ್ಚಿಸಬೇಕು, ಅನಿವಾರ್ಯವಲ್ಲದ ಯುದ್ಧ ತುಕಡಿಗಳು 2008ರ ಮೊದಲ ತ್ರೈಮಾಸಿಕದ ಹೊತ್ತಿಗೆ ಹೊರಬರಬಹುದು, ಇರಾನ್ ಮತ್ತು ಸಿರಿಯಾ ಜತೆ ಮಾತುಕತೆ ನಡೆಯಬೇಕು ಎಂಬವು ಮುಖ್ಯವಾದವು.

ವರದಿಯ ಬಲವಿದ್ದುದು ಅದು ಬಯಲಿಗಿಟ್ಟ ವಿವರಗಳಲ್ಲಿ. ಸಾವಿರ ಸಿಬ್ಬಂದಿಯ ಬಾಗ್ದಾದ್ ರಾಯಭಾರ ಕಚೇರಿಯಲ್ಲಿ ಅರಬ್ಬಿ ಬಲ್ಲವರು 33 ಮಂದಿ. ಸರಾಗವಾಗಿ ವ್ಯವಹರಿಸಬಲ್ಲವರು ಆರೇ ಮಂದಿ! 2006ರ ಜುಲೈನ ಒಂದು ದಿನ ಸೇನೆ ದಾಖಲಿಸಿದ್ದು 93 ದಾಳಿಗಳನ್ನು. ಅದೇ ದಿನದ ವರದಿಗಳನ್ನು ಮರುಪರಿಶೀಲಿಸಿದಾಗ ಸಿಕ್ಕಿದ್ದು 1,100 ಹಿಂಸಾಕೃತ್ಯಗಳು. ಯುದ್ಧಕ್ಕೆ ಹಣ ಮಂಜೂರು ಮಾಡುವ ಸಂಸದರ ಮುಂದೆ ಇಂಥ ಲೆಕ್ಕವಿದ್ದರೆ ಅವರು ತೀರ್ಮಾನಿಸುವುದಾದರೂ ಹೇಗೆ?

ಅಧ್ಯಕ್ಷ ಜಾರ್ಜ್ ಬುಷ್ ಬೇರೆಯೇ ಹಾದಿ ಹಿಡಿದರು. 2007ರ ಜನವರಿ 10ರಂದು 20 ಸಾವಿರಕ್ಕೂ ಹೆಚ್ಚು ಹೆಚ್ಚುವರಿ ಯೋಧರನ್ನು ಕಳುಹಿಸುವುದಾಗಿ ಘೋಷಿಸಿದರು. ಸೇನಾಧಿಕಾರಿಗಳು ಬಯಸಿದರೆ ಬಾಗ್ದಾದ್‌ಗೆ ಅಲ್ಪಾವಧಿಯ ಹೆಚ್ಚುವರಿ ಪಡೆ ಕಳುಹಿಸಬಹುದೆಂದು ತಂಡವೂ ಹೇಳಿತ್ತೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಆದರೆ ಶಿಫಾರಸುಗಳನ್ನು ಹಣ್ಣಿನ ಸಲಾಡ್‌ನಂತೆ ಬೇಕಾದ್ದನ್ನಷ್ಟೇ ಆರಿಸಿಕೊಳ್ಳಬಾರದೆಂದು ಬೇಕರ್ ಮೊದಲೇ ಎಚ್ಚರಿಸಿದ್ದರು.

2007ರ ಜೂನ್‌ನಲ್ಲಿ ಡೆಮಾಕ್ರಟಿಕ್ ಸೆನೆಟರ್ ಕೆನ್ ಸಲಜಾರ್ ಹಾಗೂ ರಿಪಬ್ಲಿಕನ್ ಸೆನೆಟರ್ ಲಮಾರ್ ಅಲೆಕ್ಸಾಂಡರ್, ಈ ಶಿಫಾರಸುಗಳನ್ನೇ ದೇಶದ ನೀತಿಯಾಗಿಸುವ ಮಸೂದೆ ಮಂಡಿಸಿದರು. ಅದು ಎರಡೂ ಕಡೆಯವರಿಗೆ ರುಚಿಸಲಿಲ್ಲ. ಶ್ವೇತಭವನಕ್ಕೆ ಅದು ಕೈಕಟ್ಟಿದಂತೆ ಕಂಡರೆ, ಸೆನೆಟ್‌ನ ಬಹುಮತ ನಾಯಕ ಹ್ಯಾರಿ ರೀಡ್ ಅವರಿಗೆ ಹಲ್ಲಿಲ್ಲದ ಮಸೂದೆಯೆನಿಸಿತು. ಗಡುವು ಕಡ್ಡಾಯವಾಗಿಲ್ಲದ ಕಾನೂನನ್ನು ಅಧ್ಯಕ್ಷರು ತಮಗೆ ಬೇಕಾದಂತೆ ಅರ್ಥೈಸಬಹುದೆಂಬ ಆಕ್ಷೇಪದಲ್ಲಿ ಹುರುಳಿತ್ತು.

ಹಾಗೆಂದು ಗಡುವಿನ ಹಾದಿಯೂ ತೆರೆದಿರಲಿಲ್ಲ. ಸೇನೆ ವಾಪಸಾತಿಗೆ ದಿನಾಂಕ ನಿಗದಿಪಡಿಸಿದ್ದ ಅನುದಾನ ಮಸೂದೆಯನ್ನು ಬುಷ್ ಮೇ 1ರಂದೇ ತಮ್ಮ ನಿಷೇಧಾಧಿಕಾರ ಬಳಸಿ ತಿರಸ್ಕರಿಸಿದ್ದರು. ಜುಲೈ 18ರಂದು ಸೆನೆಟ್‌ನಲ್ಲಿ ಇಂಥದೇ ತಿದ್ದುಪಡಿಗೆ 60 ಮತಗಳು ಬೇಕಿದ್ದವು; ದೊರೆತದ್ದು 52. ಅದರ ಬೆನ್ನಿಗೇ ರಕ್ಷಣಾ ಮಸೂದೆಯ ಚರ್ಚೆಯನ್ನು ರೀಡ್ ಕೈಬಿಟ್ಟಾಗ, ಸಲಜಾರ್-ಅಲೆಕ್ಸಾಂಡರ್ ಪ್ರಸ್ತಾವ ಮತಕ್ಕೇ ಬರಲಿಲ್ಲ. ಆಡಳಿತ ಪಕ್ಷದ ಸೆನೆಟರ್‌ಗಳನ್ನು ಸೆಳೆಯಬಲ್ಲ ಒಂದೇ ಮಸೂದೆ ಬಿದ್ದುಹೋದದ್ದು ಯುದ್ಧವಿರೋಧಿ ಬಣಕ್ಕೇ ನಷ್ಟ.

ಇರಾಕ್‌ನಲ್ಲಿ ಅಮೆರಿಕ ಅತಿ ಹೆಚ್ಚು ಯೋಧರನ್ನು ಕಳೆದುಕೊಂಡಿದ್ದು ಅದೇ 2007ರಲ್ಲಿ. ವರ್ಷದ ಕೊನೆಯ ಹೊತ್ತಿಗೆ ಹಿಂಸಾಚಾರ ತಗ್ಗಿತು. ಅದಕ್ಕೆ ಹೆಚ್ಚುವರಿ ಪಡೆಯಷ್ಟೇ ಕಾರಣವೋ, ಸುನ್ನಿ ಬುಡಕಟ್ಟುಗಳು ಅಲ್-ಕೈದಾ ವಿರುದ್ಧ ತಿರುಗಿಬಿದ್ದುದೂ ಕಾರಣವೋ ಎಂಬ ವಾದ ಇಂದಿಗೂ ನಡೆದಿದೆ. ವಾಪಸಾತಿಯ ದಿನಾಂಕವನ್ನು ಒಪ್ಪಲೊಲ್ಲದ ಬುಷ್ ಸರ್ಕಾರವೇ 2008ರ ನವೆಂಬರ್‌ನಲ್ಲಿ ಇರಾಕ್ ಜತೆ ಒಪ್ಪಂದಕ್ಕೆ ಸಹಿ ಹಾಕಿ, 2011ರ ಡಿಸೆಂಬರ್ ಅಂತ್ಯದ ಗಡುವನ್ನು ಒಪ್ಪಿಕೊಂಡಿತು.